ತಪ್ಪೆಲ್ಲ ಸ್ಪೀಕರಿನದು

ಇವತ್ತು ಬೆಳಿಗ್ಗೆ ಚಟ್ನಿಗೆಂದು ಹುರಿಗಡಲೆ ಡಬ್ಬಕ್ಕೆ ಕೈ ಹಾಕಿದರೆ ಸಿಕ್ಕಿದ್ದು ಒಂದು ವಯರು. ನೀಟಾಗಿ ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಖಾಲಿಯಾದ ಡಬ್ಬದೊಳಗೆ ಭದ್ರವಾಗಿ ಇಟ್ಟಿದ್ದರು. ಯಾರು ಎಂದು ದಯವಿಟ್ಟು ಕೇಳಬೇಡಿ. "ರೀ, ಇದೇನಿದು ಇಲ್ಲಿ?" ಎಂದು ಕೂಗಿದ್ದಕ್ಕೆ, "ಅಯ್ಯೋ ಸಿಕ್ತಾ! ಎಷ್ಟು ದಿನದಿಂದ ಹುಡುಕ್ತಿದ್ದೆ ಕಣೇ!" ಎಂಬ ಸಂಭ್ರಮದ ಉತ್ತರ ಒಳಗಿನ ಕೋಣೆಯಿಂದ ಬಂತು. ಚಟ್ನಿಯ ಗತಿ ಏನಾಯಿತೆಂದು ಯಾರೂ ವಿಚಾರಿಸಲಿಲ್ಲ.

ನಾವು ಗಂಡ ಹೆಂಡತಿ ಇಬ್ಬರೂ ಎಲೆಕ್ಟ್ರಾನಿಕ್ ಸಂಗೀತದವರು. ಹೀಗೆಂದರೆ ಚಾಮರಾಜಪೇಟೆಯ ನಮ್ಮ ಬೀದಿಯ ಹಿರಿಯರು ಟೀವಿ ರಿಪೇರಿ ಮಾಡುವವರೆಂದು ತಿಳಿಯುತ್ತಾರೆ. ಎದುರುಮನೆ ಪದ್ಮಮ್ಮನವರು ಒಮ್ಮೆ ಕೆಟ್ಟ ಮಿಕ್ಸಿ ತಂದು ಜಗಲಿಯ ಮೇಲಿಟ್ಟು, "ಸಾಯಂಕಾಲ ಬರ್ತೀನಿ, ನೋಡಿಡಿ" ಎಂದು ಹೋಗಿಯೇಬಿಟ್ಟಿದ್ದರು. ನಮ್ಮ ಯಜಮಾನರು ಸತೀಶ್ ಅದನ್ನು ಸರಿಮಾಡಿಯೂ ಕೊಟ್ಟರು, ಅದು ಬೇರೆ ಮಾತು. ನಿಜವಾಗಿ ನಾವು ಮಾಡುವುದು ಕೀಬೋರ್ಡು, ರಿದಮ್ ಪ್ಯಾಡು, ಕಂಪ್ಯೂಟರು ಇಟ್ಟುಕೊಂಡು ಸಂಗೀತ ಕಟ್ಟುವ ಕೆಲಸ. ಡ್ಯಾನ್ಸ್ ಕ್ಲಾಸಿನವರಿಗೆ, ನಾಟಕದವರಿಗೆ, ಒಮ್ಮೊಮ್ಮೆ ಜಾಹೀರಾತಿನವರಿಗೆ.

ನಾವು ಪರಿಚಯವಾದದ್ದೇ ಗಣೇಶನ ಪೆಂಡಾಲಿನಲ್ಲಿ. ಒಂದೇ ಆರ್ಕೆಸ್ಟ್ರಾದಲ್ಲಿ ನಾನು ಕೀಬೋರ್ಡು, ಇವರು ಪ್ಯಾಡು. ನಮ್ಮಪ್ಪ ಗುಮಾಸ್ತರು. ಮಗಳು ವೀಣೆ ಕಲಿಯಲಿ ಎಂದು ಆಸೆಪಟ್ಟು, ಕೊನೆಗೆ ಮಾಮೂಲ್‌ಪೇಟೆಯಿಂದ ಆಟಿಕೆಯಂಥ ಕೀಬೋರ್ಡು ತಂದುಕೊಟ್ಟಿದ್ದರು. ಅದರ ಎರಡು ಮನೆಗಳು ಒತ್ತಿದರೆ ಏಳುತ್ತಿರಲಿಲ್ಲ, ಬೆರಳಿನಿಂದ ಎಬ್ಬಿಸಬೇಕಿತ್ತು. ಅಂಥದ್ದರಲ್ಲಿ ನಾವು ಬಸವನಗುಡಿಯಿಂದ ವೈಯಾಲಿಕಾವಲ್‌ವರೆಗೆ ಎಷ್ಟು ಪೆಂಡಾಲು ಕುಣಿಸಿದೆವೋ! ಇವರು ನಿಲ್ಲುತ್ತಿದ್ದುದು ಆಳೆತ್ತರದ ಸ್ಪೀಕರಿನ ಪಕ್ಕದಲ್ಲೇ. ಅದರ ಮುಂದೆ ನಿಂತರೆ ಅಂಗಿ ತಾನಾಗಿ ಅಲುಗಾಡುತ್ತಿತ್ತು. ಮೈಕು ಮುಟ್ಟಿದರೆ ಶಾಕ್ ಹೊಡೆಯುತ್ತಿತ್ತು, ಹಾಡುವವರು ಕಾಲಡಿ ಮಣೆ ಹಾಕಿಕೊಂಡು ಹಾಡುತ್ತಿದ್ದರು. ಆಗ ಯಾರೂ "ನನ್ನ ಇಷ್ಟದ ವಾದ್ಯ ಯಾವುದು" ಎಂದು ಚಿಂತಿಸಿದ್ದು ನನಗೆ ನೆನಪಿಲ್ಲ. ಇದ್ದದ್ದು ಒಂದು, ಅದೇ ಇಷ್ಟದ್ದು.

ಈಗ ಹಾಗಲ್ಲ. ಮನೆಗಿರುವುದು ಎರಡು ಕೋಣೆ. ಒಂದರಲ್ಲಿ ನಾವಿದ್ದೇವೆ, ಇನ್ನೊಂದರಲ್ಲಿ ಯಂತ್ರಗಳಿವೆ. ಯಂತ್ರಗಳಿಗೆ ಕೊಟ್ಟಿರುವುದು ದೊಡ್ಡ ಕೋಣೆ. ಸದ್ದು ಹೊರಗೆ ಹೋಗಬಾರದೆಂದು ಗೋಡೆಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆ ಅಂಟಿಸಬೇಕೆಂದು ಯಾರೋ ಇವರ ತಲೆಯಲ್ಲಿ ತುಂಬಿದರು. ಇವರು ಆಟೋ ತುಂಬ ಹೇರಿಕೊಂಡು ಹಾಡುಹಗಲಲ್ಲಿ ಬೀದಿಗೆ ಬಂದಿಳಿದರು. ಪದ್ಮಮ್ಮನವರು ಗೇಟಿಗೆ ಬಂದು, "ಏನ್ ವಿಜಯಾ, ಮೊಟ್ಟೆ ವ್ಯಾಪಾರ ಶುರು ಮಾಡಿದ್ರಾ?" ಎಂದು ಪಿಸುಗುಟ್ಟಿದರು. "ಇಲ್ಲಮ್ಮ, ಸಂಗೀತಕ್ಕೆ" ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಒಳಗೆ ಹೋದರು. ಆ ವರ್ಷ ಅರಿಶಿನ ಕುಂಕುಮಕ್ಕೆ ನಮ್ಮನೆಗೆ ಬಂದವರು ಕಡಿಮೆ. ಸದ್ದು ಮಾತ್ರ ಮೊದಲಿನಷ್ಟೇ ಹೊರಗೆ ಹೋಗುತ್ತಿತ್ತು.

ಭಾನುವಾರ ಬಂತೆಂದರೆ ಕಿಟ್ಟಿ ಬರುತ್ತಾನೆ. ಹಳೆಯ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದವನು, ಈಗ ಬ್ಯಾಂಕಿನಲ್ಲಿ ಮ್ಯಾನೇಜರು. ಬರುವುದು ಸಂಗೀತ ಮಾಡೋಣ ಎಂದು. ಆಗುವುದು ಹೀಗೆ:

"ಹಳೇ ಸಿಂಥಸೈಜರ್‌ನಲ್ಲಿ ದನಿಗೇ ಒಂದು ಬಿಸಿ ಇತ್ತು ಮಗಾ. ಈಗಿನ ಕಂಪ್ಯೂಟರ್ ಸೌಂಡೆಲ್ಲ ಫ್ರಿಜ್ಜಲ್ಲಿಟ್ಟ ಅನ್ನ."

"ಬಿಸಿ ಇದ್ದಿದ್ದು ಸಿಂಥ್‌ಗಲ್ಲ ಗುರು, ಅದರ ಅಡಾಪ್ಟರ್‌ಗೆ. ಮುಟ್ಟಿ ನೋಡಿದ್ಯಾ?"

"ಅತ್ತಿಗೆ, ನೀವೇ ಹೇಳಿ, ಆ ಹಳೇದು ಹೇಗಿತ್ತು?"

"ಧೂಳಾಗಿತ್ತು" ಎನ್ನುತ್ತೇನೆ ನಾನು. ಒರೆಸುತ್ತಿದ್ದವಳು ನಾನೇ ತಾನೆ.

ಇನ್ನು ಅಭ್ಯಾಸಗಳ ವಿಷಯ ಕೇಳಿ. ಕಿಟ್ಟಿಗೆ ಟ್ಯೂನು ಹೊಳೆಯುವುದು ಮಲ್ಲೇಶ್ವರದಲ್ಲಿ ಅವನ ಮನೆಯೆದುರು ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಕೂತಾಗ ಮಾತ್ರ. ಎಂಜಿನ್ ಆಫ್ ಆಗಿರಬೇಕು, ಗ್ಲಾಸು ಏರಿಸಿರಬೇಕು. ನಮ್ಮ ಯಜಮಾನರದು ಇನ್ನೂ ದೊಡ್ಡ ವ್ರತ. ಮೊದಲು ಯಂತ್ರಗಳನ್ನೆಲ್ಲ ಮೆತ್ತನೆ ಬಟ್ಟೆಯಿಂದ ಒರೆಸಬೇಕು, ಊದುಬತ್ತಿ ಹಚ್ಚಬೇಕು, ಪೂರ್ವಕ್ಕೆ ಮುಖ ಮಾಡಿ ಕೂರಬೇಕು, ಬಲಗಡೆ ಕಾಫಿ, ಎಡಗಡೆ ಪೆನ್ಸಿಲ್, ಯಾರೂ ಮಾತಾಡಬಾರದು. ಎಲ್ಲ ಸರಿಯಾಗುವ ಹೊತ್ತಿಗೆ ಊಟದ ಹೊತ್ತು. ಊಟವಾದ ಮೇಲೆ ನಿದ್ದೆ. ನಾನು ಕುಕ್ಕರ್ ಇಟ್ಟು, ಅದು ಕೂಗುವುದರೊಳಗೆ ನಾಲ್ಕು ಸಾಲು ನುಡಿಸಿ ಬರುವವಳು. ಕಾವೇರಿ ನೀರು ಬರುವ ದಿನ ಅದೂ ಇಲ್ಲ.

ಇದೆಲ್ಲ ಸಹಿಸಿಕೊಂಡು ಹೋಗುವಂಥದ್ದೇ. ಕಳೆದ ವರ್ಷ ಮಾತ್ರ ನನ್ನ ತಾಳ್ಮೆ ನಿಜವಾಗಿ ಕೆಟ್ಟಿತು.

ಮಲ್ಲೇಶ್ವರದಲ್ಲಿ ನೃತ್ಯಶಾಲೆ ನಡೆಸುವ ಮಾಲಿನಿ ಮೇಡಂ ಮಕ್ಕಳಿಂದ ಗುಬ್ಬಚ್ಚಿಗಳ ಕಥೆಯ ನೃತ್ಯರೂಪಕ ಮಾಡಿಸುತ್ತಿದ್ದರು. ಊರು ಬಿಟ್ಟುಹೋದ ಗುಬ್ಬಚ್ಚಿಗಳು ಒಂದು ಬೆಳಿಗ್ಗೆ ತಿರುಗಿ ಬರುವ ಕಥೆ. ಪೂರ್ತಿ ಸಂಗೀತ ನಮ್ಮದು. ಎಷ್ಟೋ ಕಾಲದ ಮೇಲೆ ಬಂದ ದೊಡ್ಡ ಕೆಲಸ. ಮೊದಲ ಭಾಗ ಕಳಿಸಿದೆವು. ಮರುದಿನವೇ ಫೋನು.

"ವಿಜಯಾ, ಬೇಜಾರ್ ಮಾಡ್ಕೋಬೇಡಿ. ಚಿಲಿಪಿಲಿ ಬರುವ ಜಾಗದಲ್ಲಿ ಮಕ್ಕಳು ಕಿವಿ ಮುಚ್ಕೊಂಡು ಕುಣೀತಿದಾರೆ. ಸೂಜಿ ಚುಚ್ಚಿದ ಹಾಗಿದೆ."

ಇವರಿಗೆ ಹೇಳಿದೆ. "ಅವರ ಹಾಲ್ ಸ್ಪೀಕರ್ ಸರಿಯಿಲ್ಲ" ಎಂದರು. ನನಗೂ ಚುಚ್ಚುತ್ತಿದೆ ಎಂದೆ. ಹಾಗಾದರೆ ನಮ್ಮ ಸ್ಪೀಕರೂ ಸರಿಯಿಲ್ಲ ಎಂದರು. ಸ್ಪೀಕರ್ ಬದಲಾಯಿತು. ಹೊಸದರ ಮುಂದೆ ಕೂತು ಕೇಳಿ, "ಟ್ರೆಬಲ್ಲೇ ಇಲ್ಲ ಇದರಲ್ಲಿ, ಎಲ್ಲ ಕಂಬಳಿ ಹೊದ್ದ ಹಾಗಿದೆ" ಎಂದು ತೆಳು ಸ್ವರಗಳನ್ನೆಲ್ಲ ಇನ್ನೂ ಏರಿಸಿದರು. ಮಕ್ಕಳು ಕಿವಿಗೆ ಹತ್ತಿ ಇಟ್ಟುಕೊಂಡರಂತೆ. ಆಮೇಲೆ ಹೆಡ್‌ಫೋನ್ ಬಂತು, ಅದೂ ಮಂದವಂತೆ. ತಪ್ಪು ವಯರಿನದಂತೆ. ವಯರು ಬದಲಾಯಿತು. ಕೋಣೆಯ ಮೂಲೆಯದಂತೆ. ಮೇಜು ತಿರುಗಿಸಿ ಪಶ್ಚಿಮಕ್ಕೆ ಇಟ್ಟರು, ವ್ರತಭಂಗವಾದರೂ ಪರವಾಗಿಲ್ಲ ಎಂದು. ಮೊದಲ ಭಾಗವೇ ಮುಗಿಯದೆ ಮಾಲಿನಿ ಮೇಡಂ ದಿನಾ ಫೋನು ಮಾಡತೊಡಗಿದರು. ಫೋನು ಎತ್ತಬೇಕಾದವಳು ನಾನು.

ಅದೇ ಸಮಯಕ್ಕೆ ಕಿಟ್ಟಿಯ ಮಗಳು ಅನನ್ಯಾ ಕ್ಯಾಮೆರಾ ಹಿಡಿದು ಬಂದಳು. ಅವಳೂ ಎಲೆಕ್ಟ್ರಾನಿಕ್ ಸಂಗೀತದ ಹುಡುಗಿ, ಲ್ಯಾಪ್‌ಟಾಪಿನಲ್ಲೇ ಎಲ್ಲ ಮಾಡುತ್ತಾಳೆ. ಊರಿನ ಇಂಥ ಸಂಗೀತಗಾರರ ಕೋಣೆಗಳಿಗೆ ಹೋಗಿ, ಅವರ ಮೆಚ್ಚಿನ ಯಂತ್ರ ಯಾವುದು, ಕೆಲಸದ ಅಭ್ಯಾಸ ಏನು ಎಂದು ಕೇಳಿ ನೆಟ್ಟಿಗೆ ಹಾಕುವುದು ಅವಳ ಹವ್ಯಾಸ. ನಮ್ಮ ಯಜಮಾನರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕೆ? ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಕೂತರು. ಪಕ್ಕದಲ್ಲಿ ಕಿಟ್ಟಿ. ಬಾಗಿಲ ಬಳಿ ನಾನು.

"ಆಂಟಿ, ಮೊದಲು ನೀವು. ನಿಮ್ಮ ಫೇವರಿಟ್ ಗೇರ್ ಯಾವುದು?"

"ಈ ಬಾಗಿಲ ಚಿಲಕ" ಎಂದೆ. ಅನನ್ಯಾ ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಆಮೇಲೆ ಇವರು ಶುರುಮಾಡಿದರು. ಒಂದೊಂದು ಯಂತ್ರದ ಮೇಲೂ ಕೈಯಿಟ್ಟು, ಇದು ಎಲ್ಲಿ ಸಿಕ್ಕಿತು, ಇದರ ಗುಣವೇನು, ದೋಷವೇನು ಎಂದು ಸಂಬಂಧ ಕುದುರಿಸುವವರ ಹಾಗೆ ವಿವರಿಸಿದರು. ಕಿಟ್ಟಿ ನಡುನಡುವೆ ಬಾಯಿ ಹಾಕಿದ. ಇಬ್ಬರೂ ಬಿಸಿ ಸಿಂಥ್‌ನ ವಾದಕ್ಕೆ ಹೊರಳಿದ್ದರು, ಅಷ್ಟರಲ್ಲಿ ಅನನ್ಯಾ ಕೈ ಎತ್ತಿದಳು.

"ಒಂದ್ ನಿಮಿಷ ಅಂಕಲ್. ಏನೋ ಕುಯ್ ಅಂತಿದೆ."

ಕಿವಿಗೊಟ್ಟೆ. ಹೌದು, ಸೊಳ್ಳೆ ಹಾಡಿದ ಹಾಗೆ ಸಣ್ಣ ಸದ್ದು, ಒಂದೇ ಸಮನೆ. ಕಿಟ್ಟಿಯೂ ತಲೆ ಓರೆ ಮಾಡಿ, "ಹೌದೌದು, ಇದೆ ಇದೆ" ಎಂದ. ಇವರು ಎದ್ದರು. ಇಂಥ ಸದ್ದು ಹಿಡಿಯುವುದರಲ್ಲಿ ಇವರದು ಎತ್ತಿದ ಕೈ. ಹಿಂದೆ ಪಕ್ಕದ ಮನೆಯ ಟ್ಯೂಬ್‌ಲೈಟು ಕುಯ್ಗುಟ್ಟುವುದನ್ನು ನಮ್ಮ ಮನೆಯಲ್ಲಿ ಕೂತು ಕಂಡುಹಿಡಿದವರು. ಡಾಕ್ಟರ ಹಾಗೆ ಒಂದೊಂದು ಯಂತ್ರಕ್ಕೂ ಬಾಗಿ ಕಿವಿಯಿಟ್ಟರು. ಕೊನೆಗೆ ಪ್ಲಗ್ಗುಗಳ ಪಟ್ಟಿಯ ಮೇಲೆ ಬಾಗಿದರು. ಸದ್ದು ಬರುತ್ತಿದ್ದುದು ಅಲ್ಲಿಂದಲೇ, ಒಂದು ಹೊಸ ಅಡಾಪ್ಟರಿನಿಂದ. ಇವರ ಕಿವಿಗೂ ಅದಕ್ಕೂ ಗೇಣು ಅಂತರ.

"ಇಲ್ಲೇನೂ ಇಲ್ವಲ್ಲ" ಎಂದು ಮುಂದಕ್ಕೆ ಸರಿದರು.

ಅನನ್ಯಾ ಮೆಲ್ಲಗೆ ಬಾಗಿ ಅಡಾಪ್ಟರನ್ನು ಕಿತ್ತಳು. ಸದ್ದು ನಿಂತಿತು. ಇವರು ಅತ್ತ ತಿರುಗಿ ಇನ್ನೊಂದು ಯಂತ್ರಕ್ಕೆ ಕಿವಿಯಿಟ್ಟಿದ್ದವರು, ನೆಟ್ಟಗೆ ನಿಂತು ಹೇಳಿದರು:

"ಹೂಂ, ಈಗ ಕೇಳ್ತಿದೆ ನೋಡು. ತುಂಬಾ ಸಣ್ಣಗೆ ಬರ್ತಿದೆ."

ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಇತ್ತು. ಅನನ್ಯಾ ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಅಡಾಪ್ಟರನ್ನು ಸದ್ದಾಗದಂತೆ ಕ್ಯಾಮೆರಾ ಚೀಲದ ಹಿಂದೆ ಇಟ್ಟು, "ಪರವಾಗಿಲ್ಲ ಅಂಕಲ್, ಎಡಿಟಲ್ಲಿ ತೆಗೆದುಬಿಡ್ತೀನಿ. ನೀವು ಹೇಳಿ" ಎಂದಳು. ಇವರು ಹೇಳುತ್ತ ಹೋದರು. ನನಗೆ ಆಮೇಲೆ ಒಂದು ಮಾತೂ ತಲೆಗೆ ಹೋಗಲಿಲ್ಲ.

ಅವರೆಲ್ಲ ಹೋದ ಮೇಲೆ ಇವರು ವಯರು ಸುತ್ತುತ್ತ ಕೂತಿದ್ದರು. ನಾನು ಎದುರಿಗೆ ಮಣೆ ಎಳೆದುಕೊಂಡು ಕೂತೆ.

"ಯಾವಾಗಿಂದ?" ಎಂದೆ.

"ಏನು ಯಾವಾಗಿಂದ?"

"ಆ ಹುಡುಗಿ ಪ್ಲಗ್ ಕಿತ್ತ ಮೇಲೆ ಕೇಳ್ತಿದೆ ಅಂದ್ರಲ್ಲ ರೀ."

ಇವರ ಕೈ ನಿಂತಿತು. ವಯರನ್ನು ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತತೊಡಗಿದರು. ಸುತ್ತುತ್ತಲೇ ಬಾಯಿಬಿಟ್ಟರು. ಒಂದೆರಡು ವರ್ಷದಿಂದ ಹೀಗಂತೆ. ಮೊದಲು ಒಗ್ಗರಣೆಯ ಸಾಸಿವೆ ಸಿಡಿಯುವುದು ಹೋಯಿತಂತೆ. ಆಮೇಲೆ ಬೆಳಗಿನ ಹಕ್ಕಿಗಳು. ನಿಜವಾಗಿಯೂ ಮೊದಮೊದಲು ಸ್ಪೀಕರಿನದೇ ತಪ್ಪು ಎಂದುಕೊಂಡಿದ್ದರಂತೆ.

"ಆಮೇಲೆ?"

"ಆಮೇಲೆ, ಸ್ಪೀಕರ್‌ದೇ ಆಗಿರ್ಲಿ ಅಂದ್ಕೊಂಡೆ. ಸ್ಪೀಕರ್ ಆದ್ರೆ ಬೇರೆ ತರಬಹುದು ವಿಜಿ. ಇದನ್ನ ಏನ್ ಮಾಡೋದು?" ಎಂದು ಕಿವಿ ಮುಟ್ಟಿ ತೋರಿಸಿದರು. "ಯಾರಿಗಾದ್ರೂ ಗೊತ್ತಾದ್ರೆ ಮುಗೀತು. ಕಿವಿ ಕೇಳ್ಸದವನಿಗೆ ಮ್ಯೂಸಿಕ್ ಕೆಲಸ ಯಾರು ಕೊಡ್ತಾರೆ?"

ಇಂಥ ಹೊತ್ತಿನಲ್ಲಿ ಹೆಂಡತಿಯಾದವಳಿಗೆ ಕಣ್ಣೀರು ಬರಬೇಕು. ನನಗೆ ಬಂದದ್ದು ಕೋಪ. "ಅದಕ್ಕೆ ಇಷ್ಟೆಲ್ಲಾನಾ? ಸ್ಪೀಕರ್ ಹೋಯ್ತು, ಹೆಡ್‌ಫೋನ್ ಹೋಯ್ತು, ಮೇಜು ತಿರುಗ್ತು. ಆ ವಯರು ಏನ್ ಪಾಪ ಮಾಡಿತ್ತು? ನಂಗೊಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದು ಕೂಗಾಡಿದೆ. ನಾನು ಹೇಳಿದ್ದು ಇವರಿಗೆ ಕೇಳಿಸುವುದಿಲ್ಲವೆಂದು ಅಕ್ಕತಂಗಿಯರ ಬಳಿ ಹೇಳಿಕೊಂಡಾಗಲೆಲ್ಲ, "ಎಲ್ಲಾ ಗಂಡಸರೂ ಹಾಗೇ ಕಣೇ" ಎಂದು ನಕ್ಕಿದ್ದರು. ಅವರ ಮೇಲೂ ಕೋಪ ಬಂತು. ಅತ್ತದ್ದು ಆಮೇಲೆ, ಅಡುಗೆಮನೆಯಲ್ಲಿ, ನಲ್ಲಿ ತಿರುಗಿಸಿಕೊಂಡು.

ಸಂಪಿಗೆ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಕಿವಿ ಪರೀಕ್ಷೆ ಮಾಡುವ ಒಂದು ಜಾಗವಿದೆ. ಕರೆದುಕೊಂಡು ಹೋಗುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಸದ್ದು ಬಾರದ ಗಾಜಿನ ಕೋಣೆಯಲ್ಲಿ ಕೂರಿಸಿದರು. ಇವರು ಗೋಡೆ ತಟ್ಟಿ ನೋಡಿ, "ಸೌಂಡ್‌ಪ್ರೂಫ್ ಅಷ್ಟಕ್ಕಷ್ಟೇ" ಎಂದರು. ಪರೀಕ್ಷೆ ಮಾಡುವ ಹುಡುಗಿ ಹೆಡ್‌ಫೋನ್ ಹಾಕಿ, "ಸರ್, ಬೀಪ್ ಕೇಳಿಸಿದಾಗೆಲ್ಲ ಈ ಬಟನ್ ಒತ್ತಿ" ಎಂದಳು.

"ಇದು ಯಾವ ಹೆಡ್‌ಫೋನಮ್ಮಾ? ಇದರಲ್ಲಿ ಟ್ರೆಬಲ್ ಕಮ್ಮಿ."

"ಅದನ್ನೇ ನೋಡೋಣ ಅಂತ ಸರ್, ಕೂತ್ಕೊಳ್ಳಿ."

ನಾನು ಗಾಜಿನ ಹೊರಗಿದ್ದೆ. ಮೊದಮೊದಲು ಇವರ ಹೆಬ್ಬೆರಳು ಪ್ಯಾಡು ಬಾರಿಸುವಾಗಿನ ಚುರುಕಿನಲ್ಲೇ ಒತ್ತುತ್ತಿತ್ತು. ಆಮೇಲೆ ನಿಧಾನವಾಯಿತು. ಒಂದು ಹಂತದಲ್ಲಿ ಹುಡುಗಿ ಗುಂಡಿ ತಿರುಗಿಸುತ್ತಲೇ ಇದ್ದಳು, ಬೆರಳು ಅಲುಗಲಿಲ್ಲ. ಇವರು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಬಾರದ ಸದ್ದಿಗಾಗಿ ಕಾಯುತ್ತ ಕೂತಿದ್ದರು. ಒಳಗೆ ಹೋಗಿ ಸಾಕು ಎದ್ದು ಬನ್ನಿ ಎನ್ನಬೇಕೆನಿಸಿತು.

ಫಲಿತಾಂಶದ ಹಾಳೆ ಬಂತು. ಎಡದಿಂದ ಬಲಕ್ಕೆ ಸಮವಾಗಿ ಹೋಗಿ, ಇದ್ದಕ್ಕಿದ್ದಂತೆ ಕೆಳಕ್ಕೆ ಜಾರಿದ ಗೆರೆ. ಹುಡುಗಿ ನನಗೆ ಬಿಡಿಸಿ ಹೇಳಿದಳು, ದೊಡ್ಡ ಸ್ಪೀಕರುಗಳ ಪಕ್ಕ ಕಳೆದ ವರ್ಷಗಳ ಫಲ, ಹೋದದ್ದು ಬರುವುದಿಲ್ಲ, ಕಿವಿಗೆ ಯಂತ್ರ ಹಾಕಿದರೆ ಒಂದಿಷ್ಟು ಸಹಾಯವಾಗುತ್ತದೆ ಎಂದು. ಇವರಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಲಿಲ್ಲ. ಇಂಥ ಗೆರೆಗಳನ್ನು ಕಂಪ್ಯೂಟರಿನಲ್ಲಿ ಏರಿಸಿ ಇಳಿಸಿಯೇ ಇಷ್ಟು ವರ್ಷ ಬದುಕಿದವರು. ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮೆಟ್ರೋ ಇಳಿದು ಮಾರ್ಕೆಟ್ಟಿನಿಂದ ಮನೆ ಕಡೆ ನಡೆಯುವಾಗ ಬಾಯಿ ತೆರೆದರು. "ಮಾಲಿನಿ ಮೇಡಂಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಹೇಳ್ಬಿಡು."

"ನಾನ್ಯಾಕೆ ಹೇಳ್ಲಿ? ನೀವೇ ಹೇಳಿ."

"ನಾನು ಹೇಗೆ ಹೇಳ್ಲಿ?"

"ಹಾಗಾದ್ರೆ ಕೂತ್ಕೊಂಡು ಮುಗಿಸಿ. ಬೇಸ್ ನಿಮ್ದು, ಟ್ರೆಬಲ್ ನಂದು. ನಂಗೂ ಎರಡು ಕಿವಿ ಇದೆ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಮರುದಿನದಿಂದ ಆ ಕೋಣೆಯಲ್ಲಿ ನಡೆದದ್ದು ಸಂಗೀತವೋ ಜಗಳವೋ ಪದ್ಮಮ್ಮನವರೇ ಹೇಳಬೇಕು.

"ಚಿಲಿಪಿಲಿ ಜಾಸ್ತಿ ಆಯ್ತು."

"ಎಷ್ಟು ಜಾಸ್ತಿ?"

"ಸಾರಿಗೆ ಹುಣಸೆಹಣ್ಣು ಮುಂದಾದ ಹಾಗೆ."

"ಲೆಕ್ಕದಲ್ಲಿ ಹೇಳೇ, ಮಾರಾಯ್ತಿ!"

"ಲೆಕ್ಕ ಗೊತ್ತಿಲ್ಲ. ಇಳಿಸಿ. ಇನ್ನೂ. ಅಯ್ಯೋ, ಅಷ್ಟಲ್ಲ, ಈಗ ಸಪ್ಪೆ."

ಆದರೆ ಒಂದು ಒಳ್ಳೆಯದಾಯಿತು. ಊದುಬತ್ತಿ, ಪೂರ್ವ ದಿಕ್ಕು, ಪೆನ್ಸಿಲ್ಲು ಎಲ್ಲ ಮರೆತುಹೋದವು. ನಾನು ಕುಕ್ಕರ್ ಇಟ್ಟು ಬಂದು ಕೂತರೆ ಇವರೂ ಬಂದು ಕೂರಬೇಕಿತ್ತು. ಎಡ ತಬಲದ ಗುಂ ಎನ್ನುವ ದಪ್ಪ ದನಿ, ತಂಬೂರಿ, ಗಾಳಿಯ ಸದ್ದು ಇವರದು. ಅದರಲ್ಲಿ ಇವರನ್ನು ಮೀರಿಸುವವರಿಲ್ಲ, ಎಷ್ಟೇ ಸಿಟ್ಟಿದ್ದರೂ ಇದು ಒಪ್ಪಲೇಬೇಕು. ಗುಬ್ಬಚ್ಚಿಗಳು ನನ್ನವು. ಮಾಲಿನಿ ಮೇಡಂ ಕೇಳಿ, "ಈಗ ಸರಿ ಹೋಯ್ತು ನೋಡಿ, ಏನ್ ಬದಲಾಯಿಸಿದ್ರಿ?" ಎಂದರು. "ಸ್ಪೀಕರು" ಎಂದರು ಇವರು, ಮುಖ ಒಂದಿಷ್ಟೂ ಬಾಡದೆ.

ಕಿವಿಯ ಯಂತ್ರ ಬಂದದ್ದು ಇದಾದ ಮೇಲೆ. ಮೊದಲ ದಿನ ಹಾಕಿಕೊಂಡು ಬೆಚ್ಚಿಬಿದ್ದರು. ಪೇಪರಿನ ಹಾಳೆ ತಿರುವಿದರೆ ತಗಡು ಹರಿದ ಹಾಗಂತೆ. ನನ್ನ ಬಳೆ, ಚಪ್ಪಲಿ, ಪ್ಲಾಸ್ಟಿಕ್ ಕವರು ಎಲ್ಲದಕ್ಕೂ ದೂರು. "ಈ ಮನೆ ಯಾವಾಗ್ಲೂ ಇಷ್ಟು ಗಲಾಟೆನಾ?" ಎಂದು ಕೇಳಿದರು. ಸಂಗೀತವಂತೂ ಡಬ್ಬದೊಳಗಿಂದ ಬಂದ ಹಾಗಿತ್ತಂತೆ, ಕೆಲಸಕ್ಕೆ ಕೂರುವಾಗ ತೆಗೆದಿಟ್ಟು ನನ್ನ ಕಿವಿಯನ್ನೇ ನಂಬುತ್ತಿದ್ದರು. ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಭಾನುವಾರ ಕಿಟ್ಟಿ ಬಂದಾಗ ಮರೆತು ಅದನ್ನು ಹಾಕಿಕೊಂಡೇ ಬಾಗಿಲು ತೆರೆದರು.

ಕಿಟ್ಟಿ ನೋಡಿದ. ಇವರ ಕೈ ತಟ್ಟನೆ ಕಿವಿಗೆ ಹೋಯಿತು. ಆಮೇಲೆ ಕಿಟ್ಟಿ ದನಿ ತಗ್ಗಿಸಿ, "ಮಗಾ, ಆವತ್ತು ಅನನ್ಯಾ ಕುಯ್ ಅಂತಿದೆ ಅಂದಳಲ್ಲ, ನಂಗೂ ಏನೂ ಕೇಳಿಸ್ಲಿಲ್ಲ ಕಣೋ. ಮಗಳ ಮುಂದೆ ಮರ್ಯಾದೆ ಅಂತ ಹೌದೌದು ಅಂದೆ. ಇದು ಎಲ್ಲಿ ಸಿಗತ್ತೆ?" ಎಂದ.

ಇನ್ನೇನು! ಇಬ್ಬರೂ ಒಳಗೆ ಹೋಗಿ ಕೂತರು. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಕಿವಿಯ ಹಿಂದೆ ಕೂರುವುದು ಒಳ್ಳೆಯದೋ ಒಳಗೆ ಕೂರುವುದೋ, ಇದರ ದನಿಯಲ್ಲಿ ಬಿಸಿ ಇದೆಯೋ ಇಲ್ಲವೋ. ಹಳೆಯ ಪುರಾಣಕ್ಕೆ ಹೊಸ ದೇವರು. ನಾನು ಕಾಫಿ ಇಟ್ಟು ಚಿಲಕ ಹಾಕಿಕೊಂಡು ಬಂದೆ.

ಮಾಲಿನಿ ಮೇಡಂ ಕಾರ್ಯಕ್ರಮದ ಸಂಜೆ ಮಲ್ಲೇಶ್ವರದ ಒಂದು ಪುಟ್ಟ ಸಭಾಂಗಣ ಅಪ್ಪ ಅಮ್ಮಂದಿರಿಂದ, ಅಜ್ಜಿಯರಿಂದ ತುಂಬಿತ್ತು. ನಾವಿಬ್ಬರೂ ವೇದಿಕೆಯ ಪಕ್ಕದಲ್ಲೇ, ಸಂಗೀತದ ದನಿ ಏರಿಸಿ ಇಳಿಸುವ ಮೇಜಿನ ಮುಂದೆ ಕೂತಿದ್ದೆವು. ಇವರು ಕಿವಿಯ ಯಂತ್ರ ಹಾಕಿಕೊಂಡಿದ್ದರು. ಎಲ್ಲ ಚೆನ್ನಾಗಿ ನಡೆಯಿತು. ಗುಬ್ಬಚ್ಚಿಗಳು ತಿರುಗಿ ಬರುವ ಕೊನೆಯ ದೃಶ್ಯ ಬಂತು. ಕಂದು ಬಟ್ಟೆ ತೊಟ್ಟ ಮಕ್ಕಳೆಲ್ಲ ಗೆಜ್ಜೆ ಕಟ್ಟಿದ ಪುಟ್ಟ ಕಾಲುಗಳಲ್ಲಿ ಎರಡೂ ಕಡೆಯಿಂದ ಒಟ್ಟಿಗೆ ನುಗ್ಗಿದರು. ನಾವು ಎಷ್ಟೋ ಜಗಳವಾಡಿ ಕಟ್ಟಿದ ಚಿಲಿಪಿಲಿ ಏರುವ ಜಾಗ ಅದೇ.

ಅಷ್ಟರಲ್ಲಿ ಸಂಗೀತ ಇಳಿಯತೊಡಗಿತು. ನೋಡಿದರೆ ಇವರೇ ಇಳಿಸುತ್ತಿದ್ದಾರೆ. ಇಳಿಸಿ, ಇಳಿಸಿ, ಪೂರ್ತಿ ನಿಲ್ಲಿಸಿಯೇಬಿಟ್ಟರು.

"ರೀ! ಏನ್ ಮಾಡ್ತಿದೀರಿ?" ಎಂದು ಗುಂಡಿಗೆ ಕೈ ಹಾಕಿದೆ. ನನ್ನ ಕೈಯನ್ನು ಅಲ್ಲೇ ಒತ್ತಿ ಹಿಡಿದರು.

"ಶ್! ಕೇಳು."

ಸಭಾಂಗಣದಲ್ಲಿ ಗೆಜ್ಜೆಯ ಸದ್ದೊಂದೇ ಉಳಿದಿತ್ತು. ಮಕ್ಕಳು ನಿಲ್ಲಲಿಲ್ಲ, ಸಂಗೀತ ನಿಂತದ್ದು ಕಥೆಯ ಭಾಗವೇ ಎಂದುಕೊಂಡರೋ ಏನೋ, ತಾಳ ತಪ್ಪದೆ ಹೆಜ್ಜೆ ಹಾಕುತ್ತಲೇ ಇದ್ದರು. ಇವರು ಕಣ್ಣು ಮುಚ್ಚಿರಲಿಲ್ಲ. ಮುಂದಕ್ಕೆ ಬಾಗಿ, ಬಾಯಿ ತುಸು ತೆರೆದು, ಆ ಕಾಲುಗಳನ್ನೇ ನೋಡುತ್ತಿದ್ದರು. ಪರದೆ ಬಿದ್ದ ಮೇಲೂ ಕೈ ಬಿಡಲಿಲ್ಲ.

ಆಮೇಲೆ ಪರದೆಯ ಹಿಂದೆ ಮಾಲಿನಿ ಮೇಡಂ ಬಂದು ನಮ್ಮಿಬ್ಬರನ್ನೂ ನಿಲ್ಲಿಸಿ ಬೈದರು. ಅಷ್ಟು ಬೈಗುಳ ನಾನು ಈ ವಯಸ್ಸಿನಲ್ಲಿ ಕೇಳಿದ್ದು ಅದೇ ಮೊದಲು. ಇವರು ತಲೆಬಾಗಿ, ಒಂದಕ್ಷರವೂ ಬಿಡದೆ, ಬಹಳ ಸಂತೋಷದಿಂದ ಕೇಳಿಸಿಕೊಂಡರು.